ತಾತ್ಕಾಲಿಕ ಕಂಪ್ಯೂಟರ್ ಸಿಬ್ಬಂದಿಯ ಕಣ್ಣಿನ ಪರೀಕ್ಷೆ: ಕ್ಯಾಂಪ್, ವೋಚರ್, ಆಸ್ಪತ್ರೆ, ಇಎಸ್‌ಐ, ಯಾವುದು ಯಾರಿಗೆ?

ಏಜೆನ್ಸಿ ಮೂಲಕ ಸರ್ಕಾರಿ ಕಚೇರಿಗೆ ಬಂದ ಡೇಟಾ ಎಂಟ್ರಿ ಆಪರೇಟರ್, ಹಬ್ಬದ ಸೀಸನ್ನಿಗೆಂದು ಮೂರು ತಿಂಗಳಿಗೆ ತೆಗೆದುಕೊಂಡ ಕಸ್ಟಮರ್ ಸಪೋರ್ಟ್ ಹುಡುಗ ಹುಡುಗಿಯರು, ಮಾರ್ಚ್ ಕಳೆಯುವವರೆಗೆ ಬೇಕಾದ ಅಕೌಂಟ್ಸ್ ಸಹಾಯಕರು, ಹಳೆಯ ದಾಖಲೆ ಸ್ಕ್ಯಾನ್ ಮಾಡುವವರು. ಬೆಂಗಳೂರಿನಲ್ಲಿ ಇವರೆಲ್ಲ ಕಾಯಂ ನೌಕರರಷ್ಟೇ ಹೊತ್ತು ಪರದೆ ನೋಡುತ್ತಾರೆ. ಆದರೆ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆಯ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ. ಕೂರಿಸಿಕೊಂಡ ಕಂಪನಿ 'ಅವರು ಏಜೆನ್ಸಿ ಪೇರೋಲ್‌ನವರು' ಎನ್ನುತ್ತದೆ, ಏಜೆನ್ಸಿ 'ಕೆಲಸ ಮಾಡಿಸಿಕೊಳ್ಳುವುದು ಕ್ಲೈಂಟ್' ಎನ್ನುತ್ತದೆ. ಯಾರು ಮಾಡಿಸಬೇಕೆಂದು ತೀರ್ಮಾನವಾಗುವಷ್ಟರಲ್ಲಿ ಕಾಂಟ್ರಾಕ್ಟೇ ಮುಗಿದಿರುತ್ತದೆ.

ಎಚ್‌ಆರ್, ಅಡ್ಮಿನ್ ಮತ್ತು ಏಜೆನ್ಸಿ ನಡೆಸುವವರು ಯಾವ ದಾರಿ ಹಿಡಿಯಬೇಕೆಂದು ಇಲ್ಲಿ ಹೋಲಿಸಿ ನೋಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಒಂಬತ್ತು ತಿಂಗಳಿಗಿಂತ ಕಡಿಮೆ ಅವಧಿಗೆ ಬರುವವರಿಗೆ ವಾರ್ಷಿಕ ಕ್ಯಾಂಪ್ ಉಪಯೋಗಕ್ಕೆ ಬರುವುದಿಲ್ಲ. ಸೇರಿದ ಎರಡು ವಾರದೊಳಗೆ ಕೈಗೆ ಸಿಗುವ ವೋಚರ್ ಬೇಕು, 40 ದಾಟಿದವರಿಗೆ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಕಣ್ಣಿನ ಆಸ್ಪತ್ರೆಯೇ ಬೇಕು. ಹಣ ಯಾರದು ಎಂಬುದು ಆಳು ಬರುವ ಮೊದಲೇ ಒಪ್ಪಂದದಲ್ಲಿ ಬರೆದಿರಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಕಂಪ್ಯೂಟರ್ ಬಳಸುವವರ ಕಣ್ಣಿನ ಪರೀಕ್ಷೆಗೆಂದೇ ಬ್ರಿಟನ್ನಿನಲ್ಲಿ ಪ್ರತ್ಯೇಕ ನಿಯಮ ಇದೆ. ಅಲ್ಲಿನ 1992ರ ಡಿಸ್‌ಪ್ಲೇ ಸ್ಕ್ರೀನ್ ನಿಯಮಗಳ ಪ್ರಕಾರ, ದಿನವೂ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಬಿಡದೆ ಪರದೆ ನೋಡುವ ಉದ್ಯೋಗಿ ಕೇಳಿದರೆ ಉದ್ಯೋಗದಾತರು ಪರೀಕ್ಷೆ ಮಾಡಿಸಿ ಹಣ ಕೊಡಬೇಕು. ಕನ್ನಡಕದ ಹಣ ಕೊಡಬೇಕಾಗುವುದು ಪರದೆಯ ದೂರಕ್ಕೆಂದೇ ವಿಶೇಷ ಕನ್ನಡಕ ಬೇಕೆಂದು ಪರೀಕ್ಷೆಯಲ್ಲಿ ಕಂಡುಬಂದಾಗ ಮಾತ್ರ. ಏಜೆನ್ಸಿ ಮೂಲಕ ಬಂದವರ ವಿಷಯದಲ್ಲಿ ಪರೀಕ್ಷೆಯ ಹೊಣೆ ಅವರನ್ನು ನೇಮಿಸಿಕೊಂಡವರದು. ಅದು ಏಜೆನ್ಸಿಯಾಗಿದ್ದರೆ ಏಜೆನ್ಸಿಯದೇ. ಮೇಜು, ಕುರ್ಚಿ, ಬೆಳಕು, ಪರದೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯ ಹೊಣೆ. ಈ ವಿಂಗಡಣೆ ಬಹಳ ಸ್ಪಷ್ಟವಾಗಿದೆ, ನಾವೂ ಒಪ್ಪಂದ ಬರೆಯುವಾಗ ಇದನ್ನೇ ಮಾದರಿ ಮಾಡಿಕೊಳ್ಳಬಹುದು.

ಆದರೆ ಬ್ರಿಟಿಷ್ ಕ್ಲೈಂಟ್ ಕೆಲಸವನ್ನು ಮಾನ್ಯತಾ ಟೆಕ್ ಪಾರ್ಕಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕುಳಿತು ಮಾಡಿದ ಮಾತ್ರಕ್ಕೆ ಆ ಕಾನೂನು ಇಲ್ಲಿಗೆ ಬರುವುದಿಲ್ಲ. ಬರುವುದಿದ್ದರೆ ಕ್ಲೈಂಟ್ ಒಪ್ಪಂದದ ಮೂಲಕ ಬರಬೇಕು. ಹಾಗಾಗಿ ಕ್ಲೈಂಟಿನ ಸಪ್ಲೈಯರ್ ಕೋಡ್‌ನಲ್ಲಿ (ತನಗೆ ಕೆಲಸ ಮಾಡಿಕೊಡುವ ಕಂಪನಿಗಳಿಗೆ ಕ್ಲೈಂಟ್ ಹಾಕುವ ನಿಯಮಗಳು) ಉದ್ಯೋಗಿಗಳ ಆರೋಗ್ಯದ ಭಾಗವನ್ನು ಒಮ್ಮೆ ಓದಿ. ಕಣ್ಣಿನ ಪರೀಕ್ಷೆ ಅಲ್ಲಿದ್ದರೆ ಅದಕ್ಕೆ ತಗಲುವ ಹಣವನ್ನು ರೇಟ್‌ನಲ್ಲಿ ಸೇರಿಸಿ ಕೇಳುವ ಹಕ್ಕೂ ನಿಮಗಿದೆ.

ನಮ್ಮಲ್ಲಿ ಹೆಚ್ಚು ಕಂಪನಿಗಳು ತಪ್ಪಾಗಿ ಹಿಡಿದುಕೊಳ್ಳುವುದು ಕಾರ್ಖಾನೆ ಕಾಯ್ದೆ 1948ರ 35ನೇ ಕಲಮನ್ನು. ಅದು ಚೂರು ಸಿಡಿಯುವ, ಅತಿ ಬೆಳಕು ಕಣ್ಣಿಗೆ ಬೀಳುವ ಉತ್ಪಾದನಾ ಕೆಲಸಕ್ಕೆ ಬರೆದದ್ದು, ಕಂಪ್ಯೂಟರಿಗೆ ಅನ್ವಯಿಸುತ್ತಿರಲಿಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಕಣ್ಣಿನ ಪರೀಕ್ಷೆಯ ಮಾತಿಲ್ಲ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ ಕುಡಿಯುವ ನೀರು, ಶೌಚಾಲಯ, ವಿಶ್ರಾಂತಿ ಕೋಣೆ, ಪ್ರಥಮ ಚಿಕಿತ್ಸೆ, ಕ್ಯಾಂಟೀನುಗಳ ಬಗ್ಗೆ ಹೇಳಿತ್ತು. ಗುತ್ತಿಗೆದಾರ ಕೊಡದಿದ್ದರೆ ಮುಖ್ಯ ಉದ್ಯೋಗದಾತ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿ, ಕೊಟ್ಟು ಆತನಿಂದ ವಸೂಲು ಮಾಡಿಕೊಳ್ಳಲಿ ಎಂಬುದು ಅದರ ಕ್ರಮವಾಗಿತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನಮಗೆ ಸಂಬಂಧಿಸಿದ್ದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2020. ಅದರ 6ನೇ ಕಲಂ ಪ್ರಕಾರ ಸರ್ಕಾರ ಗೊತ್ತುಪಡಿಸಿದ ವಯಸ್ಸಿನ ಅಥವಾ ವರ್ಗದ ಉದ್ಯೋಗಿಗಳಿಗೆ ಉದ್ಯೋಗದಾತರು ವಾರ್ಷಿಕ ಆರೋಗ್ಯ ತಪಾಸಣೆಯನ್ನು ಉಚಿತವಾಗಿ ಮಾಡಿಸಬೇಕು. 40 ದಾಟಿದವರಿಗೆ ಈ ಸೌಲಭ್ಯ ಎಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಈ ಸಂಹಿತೆಯಲ್ಲಿ 'ಉದ್ಯೋಗದಾತ' ಎಂಬುದರಲ್ಲಿ ಗುತ್ತಿಗೆದಾರನೂ ಸೇರುತ್ತಾನೆ. ಗುತ್ತಿಗೆ ಕಾರ್ಮಿಕರ ಕಲ್ಯಾಣ ಸೌಲಭ್ಯಗಳನ್ನು ಮಾತ್ರ 53ನೇ ಕಲಂ ನೇರವಾಗಿ ಮುಖ್ಯ ಉದ್ಯೋಗದಾತರ ಮೇಲೆ ಹಾಕಿದೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯಿಸುವುದು 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ.

ಇದನ್ನು ಕೆಲಸಕ್ಕೆ ಇಳಿಸಿ ಹೇಳುವುದಾದರೆ, 40 ದಾಟಿದ ಗುತ್ತಿಗೆ ಆಪರೇಟರ್‌ಗೆ ವಾರ್ಷಿಕ ತಪಾಸಣೆ ಮಾಡಿಸುವಾಗ ಕಣ್ಣಿನ ಪರೀಕ್ಷೆಯನ್ನೂ ಅದರೊಳಗೆ ಸೇರಿಸಿ. 25 ವರ್ಷದ ಹುಡುಗಿಯ ಪರೀಕ್ಷೆ ಕಾನೂನಿನ ಒತ್ತಾಯದಿಂದ ಬರುವುದಿಲ್ಲ, ನಿಮ್ಮ ಒಪ್ಪಂದದಿಂದ ಬರಬೇಕು.

ಮೊದಲು ಪರದೆಯ ದೂರ ಅಳೆಯಿರಿ

ಯಾವ ದಾರಿ ಹಿಡಿದರೂ ಈ ಒಂದು ಹೆಜ್ಜೆ ತಪ್ಪಿಸಬೇಡಿ. ಮಾಮೂಲಿ ಪರೀಕ್ಷೆಯಲ್ಲಿ ನೋಡುವುದು ಎರಡು ದೂರ: 6 ಮೀಟರಿನ ಫಲಕ ಮತ್ತು ಸುಮಾರು 35ರಿಂದ 40 ಸೆಂಟಿಮೀಟರಿನ ಓದುವ ಕಾರ್ಡು. ಕಂಪ್ಯೂಟರ್ ಪರದೆ ಇವೆರಡರ ನಡುವೆ ಇರುತ್ತದೆ. ಲ್ಯಾಪ್‌ಟಾಪ್ ಆದರೆ 45ರಿಂದ 55, ದೊಡ್ಡ ಮಾನಿಟರ್ ಆದರೆ 60ರಿಂದ 75 ಸೆಂ.ಮೀ.

ಟೇಪು ಹಿಡಿದು, ಆಪರೇಟರ್ ಎಂದಿನಂತೆ ಕುಳಿತಿರುವಾಗ ಕಣ್ಣಿನ ಹೊರತುದಿಯಿಂದ ಪರದೆಯ ಮಧ್ಯಕ್ಕೆ ಅಳತೆ ತೆಗೆಯಿರಿ. 'ನೆಟ್ಟಗೆ ಕೂತ್ಕೊಳಿ' ಎಂದು ಹೇಳಿ ಅಳೆದರೆ ಸುಳ್ಳು ಅಳತೆ ಬರುತ್ತದೆ. ಕಾಗದ ನೋಡಿ ಟೈಪ್ ಮಾಡುವ ಕೆಲಸವಾದರೆ ಕಾಗದದ ದೂರವನ್ನೂ ಅಳೆಯಿರಿ. ಒಂದು ಚೀಟಿಯಲ್ಲಿ ಹೀಗೆ ಬರೆದು ಆಪರೇಟರ್ ಕೈಗೆ ಕೊಡಿ: 'ಪರದೆ 65 ಸೆಂ.ಮೀ., ಕಾಗದ 40 ಸೆಂ.ಮೀ. ಎಡಗಡೆ, ದಿನಕ್ಕೆ 8 ಗಂಟೆ, ಕನ್ನಡ ಮತ್ತು ಇಂಗ್ಲಿಷ್ ಅಕ್ಷರ.' ಈ ನಾಲ್ಕು ಮಾಹಿತಿ ಇದ್ದರೆ ಕನ್ನಡಕ ಸರಿಯಾಗಿ ಕೂರುತ್ತದೆ.

ಏಕೆಂದು ಲೆಕ್ಕ ಹಾಕಿ ನೋಡಿ. 100 ಅನ್ನು ದೂರದ ಸೆಂಟಿಮೀಟರಿನಿಂದ ಭಾಗಿಸಿದರೆ ಆ ದೂರಕ್ಕೆ ಕಣ್ಣು ಎಷ್ಟು ಡಯಾಪ್ಟರ್ (ಪವರ್ ಅಳೆಯುವ ಮಾನ) ಹೊಂದಿಸಿಕೊಳ್ಳಬೇಕೆಂದು ಸಿಗುತ್ತದೆ. 40 ಸೆಂ.ಮೀ.ಗೆ 2.50, 65 ಸೆಂ.ಮೀ.ಗೆ ಸುಮಾರು 1.50. ಐವತ್ತೈದರ ಆಸುಪಾಸಿನವರ ಕಣ್ಣು ತಾನಾಗಿ ಹೊಂದಿಸಿಕೊಳ್ಳುವುದು ಬಹಳ ಕಡಿಮೆ. ಅವರಿಗೆ 40 ಸೆಂ.ಮೀ.ಗೆ ಸರಿಹೋಗುವ ಓದುವ ಕನ್ನಡಕ ಕೊಟ್ಟರೆ 65ರಲ್ಲಿರುವ ಪರದೆ ಮಸುಕಾಗುತ್ತದೆ. ಅವರು ಮುಂದಕ್ಕೆ ಬಾಗುತ್ತಾರೆ. ಬೈಫೋಕಲ್ ಆದರೆ ಕೆಳಗಿನ ಭಾಗದಿಂದ ನೋಡಲು ಗದ್ದ ಎತ್ತುತ್ತಾರೆ, ಸಂಜೆಗೆ ಕುತ್ತಿಗೆ ನೋವು. 'ಹೊಸ ಕನ್ನಡಕ ಹಾಕಿದ ಮೇಲೆ ತಲೆನೋವು ಜಾಸ್ತಿಯಾಯಿತು' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಹೇಳದೇ ಹೋದ ಈ ದೂರವೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಸಣ್ಣ ಫಾಂಟಿನಲ್ಲಿ ಒತ್ತಕ್ಷರ ಸಾಲಿನ ಕೆಳಗೆ ತೀರಾ ಚಿಕ್ಕದಾಗಿ ಕೂರುತ್ತದೆ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ) ಸರಿಪಡಿಸದ ಕಣ್ಣಿಗೆ ಪ, ಷ, ವ, ಮ ಒಂದರೊಳಗೊಂದು ಕಲಸಿಹೋಗುತ್ತವೆ. ಓದುವ ಕಾರ್ಡು ಕನ್ನಡದ್ದೇ ಇರಲಿ ಎಂದು ಕೇಳಿ. ಇಂಗ್ಲಿಷ್ ಅಕ್ಷರ ಊಹಿಸಿ ಹೇಳಿಬಿಡುವವರಿಗೂ ಕನ್ನಡದ ಸಾಲು ನಿಜ ಸ್ಥಿತಿ ತೋರಿಸುತ್ತದೆ. ಪಹಣಿ, ಜನನ ಪತ್ರದಂಥ ದಾಖಲೆಗಳಲ್ಲಿ ಒಂದು ಒತ್ತು ತಪ್ಪಿದರೆ ಯಾರದೋ ಹೆಸರೇ ಬದಲಾಗುತ್ತದೆ. ಕಣ್ಣಿನ ಪರೀಕ್ಷೆಯ ಖರ್ಚನ್ನು ಲೆಕ್ಕ ಹಾಕುವವರು ಆ ತಿದ್ದುಪಡಿಗೆ ಅಲೆಯುವ ಜನರ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಫೀಸಿಗೇ ಬರುವ ಕ್ಯಾಂಪ್

ಒಂದೇ ಕಟ್ಟಡದಲ್ಲಿ, ಒಂದೇ ಪಾಳಿಯಲ್ಲಿ 60 ಜನಕ್ಕಿಂತ ಹೆಚ್ಚಿದ್ದು, ಎಲ್ಲರೂ ಹತ್ತಿರ ಹತ್ತಿರ ಸೇರಿದ್ದರೆ ಕ್ಯಾಂಪ್ ಒಳ್ಳೆಯದು. ಹೊರಗೆ ಹೋಗಿ ಬರುವ ಟ್ರಾಫಿಕ್ ತಾಪತ್ರಯ ಇಲ್ಲ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಕೆಡುವುದು ಸಮಯದ ಲೆಕ್ಕದಲ್ಲಿ. ಮಸೂರ ಬದಲಿಸಿ ಬದಲಿಸಿ ನೋಡುವ ಟ್ರಯಲ್ ಫ್ರೇಮ್ ಹಾಕಿ ಸರಿಯಾಗಿ ನೋಡಲು ಒಬ್ಬರಿಗೆ 15 ನಿಮಿಷವಾದರೂ ಬೇಕು. ಗಂಟೆಗೆ ನಾಲ್ವರು, ಆರು ಗಂಟೆಗೆ 24 ಜನ. 'ಒಬ್ಬರೇ ಬಂದು ಒಂದೇ ದಿನದಲ್ಲಿ 100 ಜನ ನೋಡುತ್ತೇವೆ' ಎಂದವರು ತಾನಾಗಿ ಪವರ್ ಅಳೆಯುವ ಆಟೋರಿಫ್ರಾಕ್ಟರ್ ಯಂತ್ರದ ಮುಂದೆ ಗಲ್ಲ ಇಡಿಸಿ ಪ್ರಿಂಟ್‌ಔಟ್ ಕೊಟ್ಟು ಕಳಿಸುತ್ತಾರೆ. ಚಿಕ್ಕ ವಯಸ್ಸಿನವರ ಕಣ್ಣು ಆ ಯಂತ್ರದೊಳಗೆ ನೋಡುವಾಗ ಬಿಗಿಹಿಡಿದು ಇರುವುದಕ್ಕಿಂತ ಹೆಚ್ಚು ಮೈನಸ್ ತೋರಿಸುವುದುಂಟು. ಆರು ಗಂಟೆ ಪರದೆ ನೋಡಿ ಎದ್ದುಬಂದವರಲ್ಲಿ ಇದು ಇನ್ನೂ ಹೆಚ್ಚು. ಆ ನಂಬರಿನ ಕನ್ನಡಕ ಹಾಕಿದರೆ ಹತ್ತಿರ ನೋಡುವ ಶ್ರಮ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕ್ಯಾಂಪನ್ನು ಪಾಳಿಯ ಮೊದಲ ಎರಡು ಮೂರು ಗಂಟೆಗೆ ಇಟ್ಟುಕೊಳ್ಳಿ, ಬೇಕಾದರೆ ಎರಡು ಮೂರು ದಿನಕ್ಕೆ ಹಂಚಿ.

ಕ್ಯಾಂಪ್‌ನವರನ್ನು ಕರೆಯುವ ಮೊದಲು ಕೇಳಬೇಕಾದ್ದು: ಯಂತ್ರದ ನಂಬರನ್ನೇ ಬರೆಯುತ್ತೀರಾ, ಟ್ರಯಲ್ ಫ್ರೇಮ್‌ನಲ್ಲಿ ಪರಿಶೀಲಿಸುತ್ತೀರಾ? 6 ಮೀಟರ್ ಜಾಗ ಇಲ್ಲದ ಮೀಟಿಂಗ್ ರೂಮಿನಲ್ಲಿ ಕನ್ನಡಿ ಇಟ್ಟು 3 ಮೀಟರಿನಲ್ಲಿ ನೋಡುತ್ತೀರಾ ಅಥವಾ ಆ ದೂರಕ್ಕೇ ಮಾಡಿದ ಫಲಕ ತರುತ್ತೀರಾ? ಪವರ್ ಬರೆದ ಚೀಟಿಯನ್ನು ಉದ್ಯೋಗಿಯ ಕೈಗೇ ಕೊಡುತ್ತೀರಾ? ಕೊನೆಯದು ಬಹಳ ಮುಖ್ಯ. ಪರೀಕ್ಷೆ ಉಚಿತ ಎಂದು ಬರುವ ಕನ್ನಡಕದ ಕಂಪನಿಗಳಿಗೆ ಲಾಭ ಇರುವುದು ಕನ್ನಡಕ ಮಾರುವುದರಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಚೀಟಿ ಕೈಗೆ ಸಿಕ್ಕದಿದ್ದರೆ ಉದ್ಯೋಗಿ ಬೇರೆ ಕಡೆ ಕಡಿಮೆ ದರಕ್ಕೆ ಮಾಡಿಸಿಕೊಳ್ಳುವ ದಾರಿ ಮುಚ್ಚುತ್ತದೆ.

ಹನಿ ಹಾಕಿ ಕಣ್ಣಿನ ಹಿಂಭಾಗ ನೋಡುವುದು ಕ್ಯಾಂಪ್‌ನಲ್ಲಿ ಸಾಧ್ಯವಿಲ್ಲ. ರಾತ್ರಿ ಪಾಳಿಯವರು ಹಗಲಿನ ಕ್ಯಾಂಪ್‌ಗೆ ಬರುವುದಿಲ್ಲ. ಕ್ಯಾಂಪ್ ಆದ ಮರುವಾರ ಸೇರಿದವರಿಗೆ ಮುಂದಿನದು ಒಂದು ವರ್ಷದ ಮೇಲೆ, ಅಷ್ಟರಲ್ಲಿ ಅವರು ಇರುವುದೇ ಇಲ್ಲ. ತಾತ್ಕಾಲಿಕ ಸಿಬ್ಬಂದಿಗೆ ಕ್ಯಾಂಪನ್ನೇ ಮುಖ್ಯ ವ್ಯವಸ್ಥೆ ಮಾಡಬಾರದೆಂದು ನಾವು ಹೇಳುವುದು ಇದಕ್ಕೇ.

ಆಪ್ಟಿಕಲ್ ಅಂಗಡಿ ಅಥವಾ ಕ್ಲಿನಿಕ್‌ನ ವೋಚರ್

ಸೇರಿದ ದಿನವೇ ಮೊಬೈಲಿಗೆ ಒಂದು ಕೋಡ್, ಆಪರೇಟರ್ ತಮಗೆ ಅನುಕೂಲವಾದ ದಿನ ಹೋಗಿ ತೋರಿಸಿಕೊಳ್ಳುವುದು, ಬಿಲ್ ನೇರ ಕಂಪನಿಗೆ. 40 ವರ್ಷದೊಳಗಿನ, ಬೇರೆ ಕಣ್ಣಿನ ತೊಂದರೆಯಿಲ್ಲದ, ಮೂರರಿಂದ ಒಂಬತ್ತು ತಿಂಗಳಿಗೆ ಬರುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಅರ್ಧ ಗಂಟೆಯ ಕೆಲಸ, ಭಾನುವಾರವೂ ತೆರೆದಿರುತ್ತದೆ, ಮನೆ ಹತ್ತಿರದ ಶಾಖೆಯೂ ಆಗಬಹುದು. ಯಲಹಂಕದಿಂದ ಬೆಳ್ಳಂದೂರಿಗೆ ಬಂದು ಹೋಗುವವರಿಗೆ ಆಫೀಸ್ ಹತ್ತಿರದ ಅಂಗಡಿಗಿಂತ ಮನೆ ಹತ್ತಿರದ್ದೇ ಬೇಕು. ಹಾಗಾಗಿ ಒಂದೇ ಶಾಖೆಗೆ ಕಟ್ಟಿಹಾಕಿದ ವೋಚರ್ ತೆಗೆದುಕೊಳ್ಳಬೇಡಿ.

ಮುಂಗಡವಾಗಿ 100 ವೋಚರ್ ಕೊಂಡಿಡುವ ಬದಲು ಬಳಸಿದಷ್ಟಕ್ಕೆ ಬಿಲ್ ಎಂಬ ಒಪ್ಪಂದ ಮಾಡಿ. ಎಲ್ಲರೂ ಬಳಸುವುದಿಲ್ಲ, ಬಿಟ್ಟುಹೋಗುವವರೂ ಇರುತ್ತಾರೆ. ಸಿಂಗಲ್ ವಿಷನ್ (ಒಂದೇ ದೂರಕ್ಕೆ), ಬೈಫೋಕಲ್ (ಎರಡು ದೂರಕ್ಕೆ), ಪ್ರೊಗ್ರೆಸಿವ್ (ಎಲ್ಲ ದೂರಕ್ಕೆ) ಮೂರಕ್ಕೂ ಫ್ರೇಮ್ ಸೇರಿದ ದರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಪವರ್ ಕನ್ನಡಕದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5. ಹಳೆಯ ದರಪಟ್ಟಿ ತೋರಿಸಿದರೆ ಅದನ್ನು ಹೇಳಿ ತಿದ್ದಿಸಿ.

ಬ್ಲೂ ಕಟ್ ಮಸೂರವನ್ನು ಕಂಪ್ಯೂಟರ್ ಕೆಲಸ ಎಂದ ಕೂಡಲೇ ಮುಂದಿಡುತ್ತಾರೆ. ನೀಲಿ ಬೆಳಕು ತಡೆಯುವ ಮಸೂರ ಪರದೆ ನೋಡುವವರ ಕಣ್ಣಿನ ದಣಿವನ್ನು ಅಲ್ಪಾವಧಿಯಲ್ಲಿ ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದು ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕೊಕ್ರೇನ್ ಸಮೀಕ್ಷೆ ಹೇಳಿದೆ. ಅದಕ್ಕೆ ಕಂಪನಿಯ ಹಣ ಹಾಕುವ ಅಗತ್ಯವಿಲ್ಲ. ಪ್ರತಿಫಲನ ತಡೆಯುವ ಲೇಪನಕ್ಕೆ ಹಾಕಿ. ಟ್ಯೂಬ್‌ಲೈಟಿನ ಹೊಳಪು ಮಸೂರದ ಮೇಲೆ ಬೀಳುವುದು ಕಡಿಮೆಯಾಗುತ್ತದೆ.

ವೋಚರ್‌ನ ದೊಡ್ಡ ಕೊರತೆ ಎಂದರೆ ಅದು ಪವರ್ ಮಾತ್ರ ನೋಡುತ್ತದೆ. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ರೋಗ), ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿ ಅಲ್ಲಿ ಸಿಕ್ಕುವುದಿಲ್ಲ. 'ಕಣ್ಣು ಟೆಸ್ಟ್ ಆಗಿದೆ, ಎಲ್ಲಾ ಸರಿ ಇದೆ' ಎಂಬ ತಪ್ಪು ಧೈರ್ಯ ಬರುತ್ತದೆ.

ಕಣ್ಣಿನ ಆಸ್ಪತ್ರೆಯ ಜೊತೆ ಒಪ್ಪಂದ

40 ದಾಟಿದವರು, ಸಕ್ಕರೆ ಅಥವಾ ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು, ಮೈನಸ್ 6ಕ್ಕಿಂತ ಹೆಚ್ಚಿನ ಪವರ್ ಇರುವವರು, ಒಂದು ಕಣ್ಣಿನ ದೃಷ್ಟಿ ಮಾತ್ರ ಚೆನ್ನಾಗಿರುವವರು. ಇವರನ್ನು ಅಂಗಡಿಗೆ ಕಳಿಸಬೇಡಿ. ನಗರದಲ್ಲಿ ಇದಕ್ಕೆ ಕೊರತೆಯಿಲ್ಲ: ರಾಜಾಜಿನಗರದ ನಾರಾಯಣ ನೇತ್ರಾಲಯ, ಕುಂದಲಹಳ್ಳಿಯ ಶಂಕರ ಕಣ್ಣಿನ ಆಸ್ಪತ್ರೆ, ಜಯನಗರದ ನೇತ್ರಧಾಮ, ಸರ್ಕಾರಿ ಆಸ್ಪತ್ರೆ ಬೇಕೆಂದರೆ ಕೆ.ಆರ್. ಮಾರುಕಟ್ಟೆ ಬಳಿ ಇರುವ, 1896ರಲ್ಲಿ ಶುರುವಾದ ಮಿಂಟೋ. ಮಿಂಟೋಗೆ ಹಸಿರು ಮಾರ್ಗದ ಮೆಟ್ರೋದಲ್ಲೇ ಹೋಗಬಹುದು, ಆದರೆ ಹೊರರೋಗಿ ಸಾಲು ಉದ್ದ ಇರುತ್ತದೆ, ಬೆಳಿಗ್ಗೆಯೇ ಹೋಗಬೇಕು.

ಇಲ್ಲಿ ಖರ್ಚಾಗುವುದು ಸಮಯ. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲವಾಗಲು 20ರಿಂದ 30 ನಿಮಿಷ, ನಂತರ ನಾಲ್ಕರಿಂದ ಆರು ಗಂಟೆ ಹತ್ತಿರದ್ದು ಮಸುಕು, ಬೆಳಕು ಚುಚ್ಚುತ್ತದೆ. ಆ ದಿನ ಪರದೆ ಕೆಲಸ ಆಗುವುದಿಲ್ಲ, ಬೈಕ್ ಓಡಿಸಿಕೊಂಡು ಬರುವುದೂ ಅಪಾಯ. ಹಾಗಾಗಿ ಆಸ್ಪತ್ರೆಗೆ ಕಳಿಸುವುದೆಂದರೆ ಅರ್ಧ ದಿನದ ಸಂಬಳ ಸಹಿತ ಬಿಡುವು ಮತ್ತು ವಾಪಸ್ಸಿಗೆ ಆಟೋ ಎಂದೇ ಲೆಕ್ಕ ಹಾಕಿ. ಎಂಟ್ರಿ ಲೆಕ್ಕದಲ್ಲಿ ದುಡ್ಡು ಸಿಗುವ ಆಪರೇಟರ್‌ಗೆ 'ಬಿಡುವು ಕೊಟ್ಟಿದ್ದೇವೆ' ಎಂದರೆ ಪ್ರಯೋಜನವಿಲ್ಲ. ಕಳೆದ ತಿಂಗಳ ಸರಾಸರಿ ಗಳಿಕೆಯ ಮೇಲೆ ಆ ಅರ್ಧ ದಿನಕ್ಕೆ ಕೊಡಬೇಕು. ಇಲ್ಲವಾದರೆ ಅವರು ಹೋಗುವುದಿಲ್ಲ.

ಇಎಸ್‌ಐ, ಗುಂಪು ವಿಮೆ ಮತ್ತು ಬಿಲ್ ವಾಪಸ್ಸು

ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ (ವಿಕಲಚೇತನರಿಗೆ 25,000) ಆಪರೇಟರ್ ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಉದ್ಯೋಗದಾತರ ಪಾಲು ಶೇ. 3.25, ಉದ್ಯೋಗಿಯದು ಶೇ. 0.75. ಏಜೆನ್ಸಿ ಕಟ್ಟದೆ ಕೈಕೊಟ್ಟರೆ ಅದು ಮುಖ್ಯ ಉದ್ಯೋಗದಾತರ ತಲೆಗೇ ಬರುತ್ತದೆ, ಹಾಗಾಗಿ ಪ್ರತಿ ತಿಂಗಳ ಚಲನ್ ಜೊತೆ ಹೆಸರಿನ ಪಟ್ಟಿಯನ್ನೂ ಕೇಳಿ ಇಟ್ಟುಕೊಳ್ಳಿ. ಒಟ್ಟು ಮೊತ್ತ ಮಾತ್ರ ನೋಡಿದರೆ ನಿಮ್ಮ ಕಡೆ ಕುಳಿತವರ ಹೆಸರು ಅದರಲ್ಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ತಾತ್ಕಾಲಿಕ ಸಿಬ್ಬಂದಿಗೆ ಇಎಸ್‌ಐಯಲ್ಲಿ ಎರಡು ನಿಜವಾದ ಅನುಕೂಲ ಇದೆ. ವೈದ್ಯಕೀಯ ಸೌಲಭ್ಯ ಕೆಲಸಕ್ಕೆ ಸೇರಿದ ಮೊದಲ ದಿನದಿಂದ, ಮನೆಯವರಿಗೂ. ಏಜೆನ್ಸಿ ಬದಲಾದರೂ ವಿಮಾ ಸಂಖ್ಯೆ ಅದೇ ಮುಂದುವರಿಯುತ್ತದೆ. ಡಿಸ್ಪೆನ್ಸರಿಯಿಂದ ಬರೆಸಿಕೊಂಡು ರಾಜಾಜಿನಗರದ ಇಎಸ್‌ಐಸಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಬಹುದು. ಕಣ್ಣಿನ ರೋಗ, ಶಸ್ತ್ರಚಿಕಿತ್ಸೆಗೆ ಇದು ಗಟ್ಟಿ ಆಸರೆ. ಆದರೆ ಪರದೆಯ ದೂರಕ್ಕೆ ಕನ್ನಡಕ ಹೊಂದಿಸುವ ಕೆಲಸವನ್ನು ಇಎಸ್‌ಐ ಮೇಲೆ ಹಾಕಿ ಕಂಪನಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಎರಡು ಮೂರು ಸಲ ಅಲೆದಾಟ, ಪ್ರತಿ ಸಲ ಒಂದು ದಿನದ ಸಂಬಳ. 18,000 ರೂಪಾಯಿ ಸಂಬಳದವರು ಅದರ ಬದಲು ಮಸುಕು ಕಣ್ಣಿನಲ್ಲೇ ಕೆಲಸ ಮುಂದುವರಿಸುತ್ತಾರೆ.

ಏಜೆನ್ಸಿಯ ಗುಂಪು ಆರೋಗ್ಯ ವಿಮೆಯನ್ನು ತೋರಿಸಿ 'ಎಲ್ಲಾ ಅದರಲ್ಲೇ ಇದೆ' ಎನ್ನುವವರಿದ್ದಾರೆ. ಮಾಮೂಲಿ ಪಾಲಿಸಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೆಲಸಕ್ಕೆ ಬರುತ್ತದೆ, ಕನ್ನಡಕದ ಹಣ ಅದರಲ್ಲಿ ಬರುವುದಿಲ್ಲ. ಒಪಿಡಿ (ಹೊರರೋಗಿ) ಸೌಲಭ್ಯ ಪ್ರತ್ಯೇಕ ಕೊಂಡಿದ್ದಾರೆಯೇ ಎಂದು ಪಾಲಿಸಿ ಪುಟ ನೋಡಿಯೇ ಒಪ್ಪಿಕೊಳ್ಳಿ.

ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯುವ ಕ್ರಮ ಲೆಕ್ಕಪತ್ರ ವಿಭಾಗಕ್ಕೆ ಅತಿ ಸುಲಭ, ಆಪರೇಟರ್‌ಗೆ ಅತಿ ಕಷ್ಟ. ಬಿಲ್ಲು ಟೀಮ್ ಲೀಡರ್, ಏಜೆನ್ಸಿ, ಕ್ಲೈಂಟ್, ಮತ್ತೆ ಏಜೆನ್ಸಿ ಎಂದು ಸುತ್ತಿ ಬರುವಷ್ಟರಲ್ಲಿ ಅವರ ಕಾಂಟ್ರಾಕ್ಟ್ ಮುಗಿದು ಫೈನಲ್ ಸೆಟಲ್‌ಮೆಂಟ್ ಆಗಿರುತ್ತದೆ. ಮನೆಯಿಂದಲೇ ಕೆಲಸ ಮಾಡುವ, ಊರಲ್ಲಿರುವ ಒಬ್ಬಿಬ್ಬರಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ, ಅದೂ ಏಳು ದಿನದೊಳಗೆ ಹಣ ಕೊಡುವುದಾದರೆ.

ಕಂಪ್ಯೂಟರಿನಲ್ಲೇ ಅಕ್ಷರ ತೋರಿಸಿ ಕಣ್ಣು ನೋಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ಯಾರನ್ನು ಮೊದಲು ಕಳಿಸಬೇಕೆಂದು ವಿಂಗಡಿಸಲು ಸಾಕು. ಪರೀಕ್ಷೆ ಎಂದು ಅದನ್ನು ಕಡತದಲ್ಲಿ ದಾಖಲಿಸಬೇಡಿ.

ಯಾರಿಗೆ ಯಾವುದು

ಆರು ವಾರದೊಳಗಿನ ಕೆಲಸಕ್ಕೆ ಬಂದವರಿಗೆ ಮೊದಲ ವಾರದಲ್ಲೇ ವೋಚರ್ ಕೊಡಿ, ಇಲ್ಲದಿದ್ದರೆ ಅರ್ಥವಿಲ್ಲ. ಸಿಂಗಲ್ ವಿಷನ್ ಕನ್ನಡಕ ಎರಡು ಮೂರು ದಿನದಲ್ಲಿ ಸಿಗಬಹುದು, ಪ್ರೊಗ್ರೆಸಿವ್‌ಗೆ ಒಂದು ವಾರ ಹತ್ತು ದಿನ, ಆಮೇಲೆ ರೂಢಿಯಾಗಲು ಇನ್ನೊಂದೆರಡು ವಾರ ಬೇಕು. ಇಷ್ಟು ಕಡಿಮೆ ಅವಧಿಗೆ ಪ್ರೊಗ್ರೆಸಿವ್ ಮಾಡಿಸುವುದಕ್ಕಿಂತ ಪರದೆಯ ದೂರಕ್ಕೆ ಮಾತ್ರ ಹೊಂದುವ ಸಿಂಗಲ್ ವಿಷನ್ ಕನ್ನಡಕ ಒಳ್ಳೆಯದು, ಬೇಗ ಸಿಗುತ್ತದೆ, ಅಗ್ಗ, ಪರದೆ ಪೂರ್ತಿ ಒಂದೇ ಸಮ ಕಾಣುತ್ತದೆ. ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು ಎಂದು ಮಾತ್ರ ಹೇಳಿ ಕಳಿಸಿ.

ಮೂರರಿಂದ ಒಂಬತ್ತು ತಿಂಗಳಿನವರಿಗೆ ವೋಚರ್, ಮೇಲೆ ಹೇಳಿದ ಅಪಾಯದ ಗುಂಪಿನವರಿಗೆ ಆಸ್ಪತ್ರೆ. ವರ್ಷದ ಮೇಲೂ ನವೀಕರಣವಾಗುತ್ತಲೇ ಇರುವ 'ತಾತ್ಕಾಲಿಕ'ರನ್ನು ಕಾಯಂ ನೌಕರರ ತಪಾಸಣೆ ಪಟ್ಟಿಗೇ ಸೇರಿಸಿ. ಸರ್ಕಾರಿ ಕಚೇರಿಗಳಲ್ಲಿ ಐದಾರು ವರ್ಷದಿಂದ ಒಂದೇ ಕುರ್ಚಿಯಲ್ಲಿರುವ ಗುತ್ತಿಗೆ ಆಪರೇಟರ್‌ಗಳಿದ್ದಾರೆ. ಏಜೆನ್ಸಿಯ ಹೆಸರು ಎಷ್ಟು ಸಲ ಬದಲಾದರೂ ಕಣ್ಣು ಅದೇ ವ್ಯಕ್ತಿಯದು, ವಯಸ್ಸು ಅವರಿಗೂ ಆಗುತ್ತಿದೆ.

ಟೆಂಡರ್ ಕರೆಯುವ ಇಲಾಖೆಗಳು ಗಮನಿಸಬೇಕಾದ್ದು: ಕಣ್ಣಿನ ಪರೀಕ್ಷೆಯನ್ನು ಸೇವಾ ಶುಲ್ಕದೊಳಗೆ ಸೇರಿಸಬೇಡಿ. ಸೇರಿಸಿದರೆ ಅದನ್ನು ಮಾಡಿಸದ ಏಜೆನ್ಸಿಗೇ ಕಡಿಮೆ ದರ ನಮೂದಿಸಲು ಸಾಧ್ಯವಾಗುತ್ತದೆ, ಟೆಂಡರೂ ಅವರಿಗೇ ಸಿಗುತ್ತದೆ. 'ವಾಸ್ತವ ಖರ್ಚಿನ ಬಿಲ್ ಮೇಲೆ ಮರುಪಾವತಿ, ತಲಾ ಗರಿಷ್ಠ ಇಷ್ಟು' ಎಂದು ಬೇರೆ ಸಾಲಿನಲ್ಲಿ ಇಡಿ. ಆಗ ತಪ್ಪಿಸಿ ಉಳಿಸುವುದಕ್ಕೆ ಏನೂ ಇರುವುದಿಲ್ಲ.

ಒಪ್ಪಂದಕ್ಕೆ ಸೇರಿಸುವ ಸಾಲುಗಳು

ಇದನ್ನು ಹಾಗೆಯೇ ಎತ್ತಿಕೊಳ್ಳಬಹುದು:

'ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಂಪ್ಯೂಟರ್ ಬಳಸುವ ಪ್ರತಿಯೊಬ್ಬ ನಿಯೋಜಿತ ಸಿಬ್ಬಂದಿಗೆ ಸೇರಿದ 15 ದಿನದೊಳಗೆ ಏಜೆನ್ಸಿಯು ಕಣ್ಣಿನ ಪರೀಕ್ಷೆಯ ವೋಚರ್ ಕೊಡತಕ್ಕದ್ದು. ಪರೀಕ್ಷೆಯ ಮತ್ತು ಪರದೆಯ ದೂರಕ್ಕೆ ಬೇಕಾದ ಕನ್ನಡಕದ ವೆಚ್ಚವನ್ನು ಕ್ಲೈಂಟ್ ಗರಿಷ್ಠ ಮಿತಿಯವರೆಗೆ ಏಜೆನ್ಸಿಗೆ ಮರುಪಾವತಿಸತಕ್ಕದ್ದು. ಪರೀಕ್ಷೆಗೆ ಹೋದ ಸಮಯವನ್ನು ಕೆಲಸದ ಸಮಯವೆಂದೇ ಪರಿಗಣಿಸತಕ್ಕದ್ದು. ಸಿಬ್ಬಂದಿ ಅವಧಿಗೆ ಮೊದಲೇ ಬಿಟ್ಟರೂ ಈ ವೆಚ್ಚವನ್ನು ಅವರ ಸಂಬಳದಿಂದ ಮುರಿಯತಕ್ಕದ್ದಲ್ಲ. ಪರೀಕ್ಷೆಯ ವರದಿ ಸಿಬ್ಬಂದಿಯ ಸ್ವತ್ತು.'

ಸಂಬಳದಿಂದ ಮುರಿಯುವ ಸಾಲನ್ನು ಕೈಬಿಡಬೇಡಿ. ಯಾವ ಯಾವ ಕಡಿತ ಮಾಡಬಹುದೆಂದು ವೇತನ ಸಂಹಿತೆ 2019 ಪಟ್ಟಿ ಮಾಡಿದೆ, ಅದರ ಹೊರಗಿನ ಕಡಿತ ಕಾನೂನಿಗೆ ವಿರುದ್ಧ. ಆದರೂ 'ಮೆಡಿಕಲ್ ಚಾರ್ಜಸ್' ಎಂಬ ಹೆಸರಿನಲ್ಲಿ ಪೇಸ್ಲಿಪ್ಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲ ತಿಂಗಳ ಪೇಸ್ಲಿಪ್ಪುಗಳಲ್ಲಿ ನಾಲ್ಕೈದನ್ನು ತರಿಸಿ ನೋಡಿ.

ವರದಿಯ ವಿಷಯ ಇನ್ನೂ ಸೂಕ್ಷ್ಮ. ತಾತ್ಕಾಲಿಕ ಸಿಬ್ಬಂದಿ ಪರೀಕ್ಷೆಗೆ ಹೋಗದಿರಲು ಮುಖ್ಯ ಕಾರಣ ಭಯ: ಕಣ್ಣು ಸರಿಯಿಲ್ಲ ಎಂದು ಗೊತ್ತಾದರೆ ನವೀಕರಣ ಆಗುವುದಿಲ್ಲವೇನೋ ಎಂದು. ಆ ಭಯಕ್ಕೆ ಆಧಾರ ಕೊಡಬೇಡಿ. ಕಂಪನಿಗೆ ಬೇಕಾದ್ದು ಮೂರೇ ಸಂಗತಿ: ಪರೀಕ್ಷೆ ಆದ ತಾರೀಖು, ಪರದೆಯ ದೂರಕ್ಕೆ ಕನ್ನಡಕ ಬೇಕೋ ಬೇಡವೋ, ಮುಂದಿನ ಪರೀಕ್ಷೆ ಯಾವಾಗ. ಪವರ್, ರೋಗದ ಹೆಸರು, ಅಕ್ಷಿಪಟಲದ ಚಿತ್ರ ಯಾವುದೂ ಎಚ್‌ಆರ್ ಕಡತಕ್ಕೆ ಬರಬಾರದು. ಕ್ಯಾಂಪ್‌ನವರು ಎಲ್ಲರ ವಿವರ ತುಂಬಿದ ಎಕ್ಸೆಲ್ ಹಾಳೆಯನ್ನು ಮೇಲ್ ಮಾಡುವುದು ರೂಢಿ. ಅದನ್ನು ಮೊದಲೇ ಬೇಡವೆನ್ನಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023 ಬಂದ ಮೇಲೆ ಆ ಹಾಳೆ ನಿಮ್ಮ ಬಳಿ ಇರುವುದೇ ಒಂದು ಹೊರೆ.

ಕನ್ನಡಕದಿಂದ ಹೋಗದ ತೊಂದರೆ

ಕಣ್ಣು ಉರಿ, ಮರಳು ಬಿದ್ದಂತೆ ಚುಚ್ಚುವುದು, ಸಂಜೆಗೆ ಕೆಂಪಾಗುವುದು ಹೆಚ್ಚಾಗಿ ಒಣಗಿದ ಕಣ್ಣಿನ ಲಕ್ಷಣ. ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ, ಮೇಲಿಂದ ಎಸಿ ಗಾಳಿ ಮುಖಕ್ಕೆ ಬಡಿಯುತ್ತದೆ. ಇದನ್ನು ಸರಿಪಡಿಸಬೇಕಾದ್ದು ಕೂರಿಸಿಕೊಂಡ ಕಂಪನಿ. ಕಾಯಂ ನೌಕರರು ಒಳ್ಳೆಯ ಜಾಗ ಹಿಡಿದ ಮೇಲೆ ಉಳಿದ ಮೂಲೆ, ಎಸಿ ದ್ವಾರದ ಕೆಳಗಿನ ಮೇಜು, ಕಿಟಕಿಗೆ ಎದುರಾದ ಮಾನಿಟರ್ ಏಜೆನ್ಸಿಯವರ ಪಾಲಿಗೆ ಬರುವುದು ಎಲ್ಲ ಕಚೇರಿಯಲ್ಲೂ ಕಾಣುವ ಸಂಗತಿ. ಎಸಿ ರೆಕ್ಕೆ ತಿರುಗಿಸಿ, ಕಿಟಕಿ ಪಕ್ಕಕ್ಕೆ ಬರುವಂತೆ ಮಾನಿಟರ್ ತಿರುಗಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇಡಿ. ಬೈಫೋಕಲ್ ಹಾಕುವವರಿಗೆ ಇನ್ನೂ ಕೆಳಗೆ. ಕಾಗದ ನೋಡಿ ಟೈಪ್ ಮಾಡುವವರಿಗೆ ಕಾಗದ ನಿಲ್ಲಿಸುವ ಸ್ಟ್ಯಾಂಡ್ ಕೊಟ್ಟು ಪರದೆಯ ದೂರಕ್ಕೇ ತಂದರೆ ಎರಡು ದೂರದ ಸಮಸ್ಯೆ ಒಂದೇ ದೂರಕ್ಕೆ ಇಳಿಯುತ್ತದೆ.

ಕೊನೆಗೆ ಟೀಮ್ ಲೀಡರ್‌ಗಳಿಗೆ ತಿಳಿದಿರಲೇಬೇಕಾದ್ದು. ಏಕಾಏಕಿ ದೃಷ್ಟಿ ಹೋಗುವುದು, ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ತೇಲುವುದು, ಕಣ್ಣಿಗೆ ತೆರೆ ಎಳೆದಂತೆ ನೋಟದ ಒಂದು ಬದಿ ಮರೆಯಾಗುವುದು, ಒಂದು ವಸ್ತು ಎರಡಾಗಿ ಕಾಣುವುದು, ನೋವಿನ ಜೊತೆ ಕಣ್ಣು ಕೆಂಪಾಗುವುದು. ಇವುಗಳಿಗೆ ವೋಚರ್, ಅನುಮತಿ, ಏಜೆನ್ಸಿಗೆ ಮೇಲ್ ಎಂದು ಕಾಯಬಾರದು. ಅದೇ ದಿನ, ಪಾಳಿ ಬಿಡಿಸಿ, ಜೊತೆಗೊಬ್ಬರನ್ನು ಕೊಟ್ಟು ಕಣ್ಣಿನ ಆಸ್ಪತ್ರೆಗೆ ಕಳಿಸಬೇಕು. ಬಿಲ್ ಯಾರದೆಂದು ಮರುದಿನ ಮಾತಾಡಿಕೊಳ್ಳಬಹುದು.